ಹೊಳೆದ ಮೇಲೆ

ತಿರುವು ಮುಗಿದ ಮೇಲೂ ಮಿಟುಕುವ
ಹಸಿರು ಬಾಣ, ಮರೆತಷ್ಟು ದೂರಕ್ಕೆ
ತಾನೇ ಕೆಂಪಗಾಗುತ್ತ ಹೋಗಬೇಕು.
ಇಷ್ಟೇ ನನ್ನ ಅರ್ಜಿ.

ಹೊಸೂರಿನ ಸಿಪ್ಕಾಟ್ ಎರಡನೇ ಹಂತದಲ್ಲಿ
ವೈರು ಹೆಣೆಯುತ್ತ ಹನ್ನೊಂದು ವರ್ಷ.
ಬಾಗಲೂರು ಕೂಡುರಸ್ತೆಯಲ್ಲಿ ಎಡಕ್ಕೆಂದು ಮಿಟುಕುತ್ತ
ನೆಟ್ಟಗೆ ಬಂದ ವ್ಯಾನನ್ನು ನಂಬಿ
ನಮ್ಮ ಪಿಳ್ಳಪ್ಪ ಮೊಣಕಾಲು ಕಳಕೊಂಡ ವಾರ
ಹೊಳೆಯಿತು.

ಚೆನ್ನೈನಲ್ಲಿ ಅವರು ಎರಡು ಹಳೇ ಕಾಗದ ಜೋಡಿಸಿದರು:
ಜಪಾನಿನದೊಂದು, ಬಣ್ಣ ಬದಲಿಸುವ ದೀಪ;
ಜರ್ಮನಿಯದೊಂದು, ಚಕ್ರದ ಸುತ್ತು ಎಣಿಸುವ ಪೆಟ್ಟಿಗೆ.
"ಕಸುಬು ಬಲ್ಲ ಯಾರಿಗಾದರೂ ಇದು ಹೊಳೆಯುತ್ತಿತ್ತು."

ಆ ಕಸುಬು ಬಲ್ಲವನನ್ನು ನಾನು ಕಂಡಿಲ್ಲ.
ಶಿಫ್ಟ್ ಬಸ್ಸಿನಲ್ಲಿ, ಗೇಟಿನ ಟೀ ಅಂಗಡಿಯಲ್ಲಿ,
ಎಲ್ಲೂ.
ಎಲ್ಲ ಓದಿರುತ್ತಾನಂತೆ, ಏನೂ ಮಾಡಿರುವುದಿಲ್ಲ.
ನನ್ನ ನಕ್ಷೆ ಮೇಜಿಗೆ ಬಂದ ದಿನವೇ
ಅವನಿಗೆ ಜ್ಞಾಪಕ ಬರುತ್ತದೆ.

ನಮ್ಮಜ್ಜಿಯ ಒಗಟೂ ಹಾಗೇ. ಬಿಡಿಸುವ ತನಕ
ಜಗಲಿಯೆಲ್ಲ ಮೌನ; ಬಿಡಿಸಿದ ಮೇಲೆ
"ಥೂ, ಇಷ್ಟೇನಾ!"

ಮೇಲ್ಮನವಿಯಲ್ಲಿ ವಕೀಲೆ ಪೊನ್ನರಸಿ ಇದನ್ನೇ
ಇಂಗ್ಲಿಷಿನಲ್ಲಿ ನಲವತ್ತು ನಿಮಿಷ ಹೇಳಿದರು.
ಜಡ್ಜು ತಲೆಯಾಡಿಸಿದರು, ಹೌದೆಂದೋ,
ಕತ್ತು ನೋವಿಗೋ.
ಮುಂದಿನ ತಾರೀಕು ಆಗಸ್ಟಿಗೆ.

ರಾತ್ರಿ ಬಸ್ಸು. ವಾಣಿಯಂಬಾಡಿಯಲ್ಲಿ
ಲಾರಿ ದಾಟಲು ಹಾಕಿದ ಬಲಗಡೆ ಬಾಣ
ಶೂಳಗಿರಿವರೆಗೂ ಟಿಕ್ ಟಿಕ್ ಅನ್ನುತ್ತಿತ್ತು.
ಐವತ್ತೆರಡು ಜನ, ಒಬ್ಬ ಕಂಡಕ್ಟರು,
ಇಪ್ಪತ್ತು ವರ್ಷ ಸರ್ವೀಸಿನ ಡ್ರೈವರು.
ಎಲ್ಲರಿಗೂ ಕಾಣುವ ಹಾಗೇ ಇತ್ತು.

ಮುಂದಿನ ಸೀಟಿನಲ್ಲಿ ನಾನು.
ಹೇಳಬಹುದಿತ್ತು.
ಕಿಲೋಮೀಟರು ಕಲ್ಲು ಎಣಿಸುತ್ತ ಕೂತೆ.