ಒತ್ತು

ಸರ್ಟಿಫಿಕೇಟು ಎರಡು ನೂರು ಹೊಡದಾಂವ ನಾನ.
ಗದಗ ಸ್ಟೇಷನ್ ರೋಡಿನ ಹಿಂದಿನ ಸಂದಿಯೊಳಗ,
ಮಾಲಕರ ಅಪ್ಪನ ಕಾಲದ ಟ್ರೆಡಲ್ ಮ್ಯಾಲೆ,
ಶನಿವಾರ ರಾತ್ರಿ, ಕರೆಂಟು ಹೋದಾಗ ಕಾಲಿಲೆ ತುಳದು.
‘ಮುಕ್ತ ಕರಾಟೆ ಸ್ಪರ್ಧೆ, ಬೆಟಗೇರಿ’ ಕೆಂಪು ಶಾಯಿ,
ಕೆಳಗ ‘ಶ್ರೀ/ಕುಮಾರಿ’, ಮುಂದ ಚುಕ್ಕಿ ಸಾಲು.
ಆ ಚುಕ್ಕಿಯೊಳಗ ಒಂದು ಸಾಲು ನಂದೂ ಐತಿ ಅಂತ
ಮಾಲಕರಿಗೆ ಹೇಳಿರಲಿಲ್ಲ.

ವಯಸ್ಸು ನಲವತ್ತೊಂದು. ಬೆಲ್ಟು ಹಳದಿ.
ಮಗಳು ನೀಲಗಂಗಾಂದು ಕಂದು.
ಅಕಿನ್ನ ಕರಕೊಂಡು ಬರಾಕ ಹೋಗಿ
ಎರಡು ವರ್ಷ ಸಾಲಿ ಕಂಪೌಂಡಿಗೆ ಆತು ನಿಂತಿದ್ದೆ.
ಒಂದಿನ ಮಾಸ್ತರು ಅಂದ್ರು:
‘ಗ್ವಾಡಿ ಬೀಳಾಂಗಿಲ್ಲರಿ, ಬಿಡ್ರಿ. ಬಂದು ಸಾಲಿನ್ಯಾಗ ನಿಂದರ್ರಿ.’
ಅವತ್ತಿಂದ ಸಂಜಿ ಆರಕ್ಕ
ಮಗಳಿಗೆ ತಲಿ ಬಾಗಿಸಿ ಕೈಕಾಲು ಬೀಸತೀನಿ.
‘ಇದನ್ನ ಅಜ್ಜಿ ಮುಂದ ಹೇಳಬ್ಯಾಡ’ ಅಂದಾಕಿ ಅಕಿನ.

ತೂಕಕ್ಕ ಹತ್ತಿ ಅಡತಿ ಅಂಗಡಿಯ ಕಾಟಾ ತಂದಿದ್ರು.
ಎಪ್ಪತ್ತೈದರ ಒಳಗ ಇರಬೇಕು,
ಇದ್ದದ್ದು ಎಪ್ಪತ್ತೈದರ ಮ್ಯಾಲೆ ಇನ್ನೂರು ಗ್ರಾಂ.
ಬನೇನು ತಗದೆ. ಬೆಳ್ಳಿ ಉಡದಾರ ತಗದೆ.
ಮಾವ ಹಾಕಿದ ಉಂಗುರ ಸಾಬಾಣ ಹಚ್ಚಿ ತಗದೆ.
‘ಹೊರಗ ಹೋಗಿ ಉಗುಳಿ ಬರ್ರಿ’ ಅಂದ ಬರಕೊಳ್ಳಾಂವ.
‘ಹೆಸರು?’
‘ಗುದ್ಲೆಪ್ಪ ಬಾರಕೇರ.’
ಹಿಂದಿನ ಹುಡುಗರು ಕಿಸಕ್ಕಂದ್ರು:
‘ಏ, ಹೆಸರಿನಾಗ ಗುದ್ದು ಐತಲೇ!’

ನಿನ್ನೆ ಮದುವಿ ಆಗಿದ್ದ ಮಂಟಪ.
ಮ್ಯಾಟಿನ ಕೂಡಿನೊಳಗ ಸಿಕ್ಕ ಅಕ್ಷತಿ ಕಾಳು
ಅಂಗಾಲಿಗೆ ಚುಚ್ಚತಿದ್ವು.
ನಿಯಮ ಒಂದ: ಗುದ್ದು ಮಾರಿತನಕ ಹೋಗಬೇಕು, ಹತ್ತಬಾರದು.
ಇದು ನನಗ ಹೊಸಾದಲ್ಲ.
ಹದಿನಾರರಾಗ ಮಷೀನ್ ಕಲಿಸಿದ ಹುಚ್ಚೀರಪ್ಪಜ್ಜ
ಹಾಳಿ ಮಗಚಿ, ನನ್ನ ಹೆಬ್ಬಟ್ಟು ಹಿಡದು ಸವರಸತಿದ್ದ:
‘ಅಕ್ಷರ ಮೂಡಬೇಕು, ಬೆನ್ನು ಉಬ್ಬಬಾರದು ತಮ್ಮಾ.
ಒತ್ತಿದ್ದು ಹಾಳಿಗೆ ಗೊತ್ತ ಆಗಬಾರದು.’

ಎದುರಿನಾಂವ ದಾವಲ. ಮುಳಗುಂದದಾಗ ಪಂಚರ್ ಅಂಗಡಿ.
ಹತ್ತೊಂಬತ್ತು ವರ್ಷದ ಕಾಲು, ನೆಲಕ್ಕ ನಿಲ್ಲವಲ್ಲವು.
ನಾ ಉಸುರು ತಗೊಳ್ಳೂದ್ರಾಗ ಎರಡು ಪಾಯಿಂಟು.
‘ಅಪ್ಪಾ, ಕೈ ಮ್ಯಾಲೆ! ಕೈ ಮ್ಯಾಲೆ!’
ಕೈ ಮ್ಯಾಲೆ ಹೋತು.
ಇಪ್ಪತ್ತೈದು ವರ್ಷ ಬಲಗೈ ಹಾಳಿ ಇಟ್ಟು
ಎಡಗೈ ತಗದು, ಬಲಗೈ ಇಟ್ಟು ಎಡಗೈ ತಗದು,
ಕಬ್ಬಿಣದ ಬಾಯಿ ಮುಚ್ಚೂದ್ರೊಳಗ ಹಿಂದ ಬರತಿದ್ದ ಕೈ
ಅವತ್ತು ಹಿಂದ ಬರಲಿಲ್ಲ.

ದಾವಲನ ತುಟಿ ಒಡೀತು.
ಬಿಳೀ ಅಂಗಿಮ್ಯಾಲೆ ಒಂದು ಹನಿ, ಆಮ್ಯಾಲೆ ಮೂರು.
ಮಂಟಪ ‘ಹೋ’ ಅಂತು.
ಖರೇ ಹೇಳತೀನಿ, ಅರ್ಧ ಗಳಿಗಿ
ಹಿತ ಅನಸ್ತು.
ಆಮ್ಯಾಲೆ ನೀಲಗಂಗಾನ ಕಡೆ ನೋಡಿದೆ.
ಅಕಿ ಒದರೂದು ನಿಲ್ಲಿಸಿದ್ಲು.

ರೆಫರಿ ನನ್ನ ಹೊರಗ ಹಾಕಿದ್ರು. ಗೆದ್ದಾಂವ ದಾವಲ,
ಮೂಗಿನ ಕೆಳಗ ಹತ್ತಿ ಹಿಡಕೊಂಡು.
‘ಏನಾಗಿಲ್ಲ ಕಾಕಾ, ಜಾಕಿನ ಹ್ಯಾಂಡಲ್ ಬಡದದ್ದು
ಇದಕಿಂತ ಜೋರಿತ್ತು.’
ಗಿರಮಿಟ್ ಕೊಡಿಸಿದೆ. ಖಾರ ಹತ್ತಿ ಕಣ್ಣಾಗ ನೀರು ಅವನಿಗೆ.
ಒಂದೊಂದ ಚುರಮರಿ ಆರಿಸಿ
ಬಾಯಿಯ ಆ ಕಡೆ ಇಟ್ಟು ನಮಲಿದ.
ನನ್ನ ಮಿರ್ಚಿ ಆರಿಹೋತು.

ಸಂಜಿಕ ಹೆಸರು ಕೂಗಿದ್ರು. ಭಾಗವಹಿಸಿದ್ದಕ್ಕ.
ಚುಕ್ಕಿ ಸಾಲಿನ ಮ್ಯಾಲೆ ನೀಲಿ ಪೆನ್ನಿಲೆ:
‘ಗುದ್ದಲೆಪ್ಪ ಬಾರಕೇರ.’
ಲಕಾರದ ಒತ್ತು ಇರೂ ಕಡೆ ದಕಾರದ ಒತ್ತು.
‘ತಿದ್ದಿಸಿಕೊಂಡು ಬರಲೇನು?’ ಅಂದ್ಲು ಮಗಳು.
‘ಇರಲಿ, ಇವತ್ತಿನ ಮಟ್ಟಿಗೆ ಬರೋಬ್ಬರಿ ಐತಿ.’

ಗಾಡಿ ಹತ್ತೂಮುಂದ ರೂಢಿಲೆ ಹಾಳಿ ಮಗಚಿ
ಹೆಬ್ಬಟ್ಟು ಸವರಿದೆ.
ಬೆನ್ನು ಉಬ್ಬಿತ್ತು.
ಪ್ರತಿ ಅಕ್ಷರ, ಪ್ರತಿ ಚುಕ್ಕಿ.
ಶನಿವಾರದ ಗಡಿಬಿಡಿಯೊಳಗ ಅಡಿಗೆ ಒಂದು ಹಾಳಿ ಜಾಸ್ತಿ ಹಾಕಿದ್ದೆ.
ಎರಡು ನೂರೂ ಹಿಂಗ ಹೋಗ್ಯಾವು,
ಮುಂಡರಗಿಗೆ, ರೋಣಕ್ಕ, ಮುಳಗುಂದಕ್ಕ.

ನೀಲಗಂಗಾ ಕಣ್ಣು ಮುಚ್ಚಿ ಬೆರಳು ಆಡಿಸಿದ್ಲು:
‘ಆಶ್ರಮದ ಹುಡುಗರೂ ಓದಬಹುದು ನೋಡಪ್ಪಾ.’
ನಕ್ಕಳು. ಆಮ್ಯಾಲೆ ನಗಲಿಲ್ಲ.
ನನ್ನ ಕೈ ತಿರುವಿ, ಉಗುರಿನ ಸಂದಿ ತೋರಿಸಿ,
‘ಇನ್ನೂ ತೊಳಕೊಂಡಿಲ್ಲಲ್ಲ, ಅವನ ರಕ್ತ’ ಅಂದ್ಲು.

ಅದು ಶಿರೋನಾಮೆಯ ಕೆಂಪು ಶಾಯಿ. ಶನಿವಾರದ್ದು.
ನಾ ಏನೂ ಅನ್ನಲಿಲ್ಲ.
ಗಾಡಿಗೆ ಕಿಕ್ ಹೊಡದೆ.