ಇಳಿಯುವವರು ಮುಂದೆ ಬನ್ನಿ

ಬೆನಿಡಾರ್ಮಿನಿಂದ ಡೇನಿಯಾವರೆಗೆ, ದಿನಕ್ಕೆ ಮೂರು ಸಲ,
ಮೂವತ್ತೊಂದು ವರ್ಷದಿಂದ ಟಿಕೆಟ್ಟು ನೋಡುತ್ತಿದ್ದೇನೆ.
ಎಡಕ್ಕೆ ಬೆಟ್ಟ, ಬಲಕ್ಕೆ ಕಡಲು.
ವಾಪಸು ಬರುವಾಗ ಅದಲುಬದಲು.
ಇಷ್ಟೇ ನನ್ನ ಭೂಗೋಳ.

ಫೆಬ್ರವರಿಯಲ್ಲೂ ಇಲ್ಲಿ ಬಿಸಿಲು
ಸಾಲ ಕೊಟ್ಟವನಂತೆ ಬೆಳಿಗ್ಗೆಯೇ ಬಾಗಿಲಿಗೆ ಬರುತ್ತದೆ.
ಅದನ್ನೇ ನಂಬಿ ಬಂದವರು ಇವರೆಲ್ಲ:
ನಾರ್ವೆಯವರು, ಡಚ್ಚರು, ಇಂಗ್ಲಿಷರು.
ಮೊಣಕಾಲಿಗೆ ಪಟ್ಟಿ, ತಲೆಗೆ ಹುಲ್ಲಿನ ಟೋಪಿ,
ಕಾಲುಚೀಲದ ಮೇಲೆ ಚಪ್ಪಲಿ.
ಸೂರ್ಯನನ್ನು ಔಷಧಿಯಂತೆ ಸೇವಿಸುತ್ತಾರೆ,
ಊಟಕ್ಕೆ ಮುಂಚೆ ಅರ್ಧ ಗಂಟೆ,
ಊಟದ ಮೇಲೆ ಅರ್ಧ ಗಂಟೆ.

ತೂರ್ಬ್ಯೋರ್ಗ್ ಅಜ್ಜಿ ಆಲ್ಫಾಸಿನಲ್ಲಿ ಹತ್ತುತ್ತಾಳೆ.
ಹದಿನಾಲ್ಕು ವರ್ಷ ಇಲ್ಲಿದ್ದೂ ಅವಳ ಸ್ಪ್ಯಾನಿಷ್
ಒಂದರಿಂದ ತೊಂಬತ್ತರವರೆಗೆ ಮಾತ್ರ,
ಬಿಂಗೋ ಆಡಿ ಕಲಿತದ್ದು.
"ಹೇಗಿದ್ದೀರಿ?" ಎಂದರೆ "ಎಂಬತ್ತೆರಡು" ಅನ್ನುತ್ತಾಳೆ.
ಅದಕ್ಕಿಂತ ಸರಿಯಾದ ಉತ್ತರ
ನನಗೂ ಹೊಳೆದಿಲ್ಲ.

ಇವತ್ತು ಅವಳ ಪಕ್ಕ ಝೊಯ್ಲಾ ಕೂತಿದ್ದಾಳೆ,
ಈಕ್ವೆಡಾರಿನ ಹುಡುಗಿ. ಹುಡುಗಿ ಅಂದರೆ ಐವತ್ತು;
ಈ ರೈಲಿನಲ್ಲಿ ಐವತ್ತು ಅಂದರೆ ಹುಡುಗಿಯೇ.
ಮೂರು ಮನೆಗಳ ಮಾತ್ರೆಗಳ ಲೆಕ್ಕ ಅವಳ ತಲೆಯಲ್ಲಿ:
ಬಿಳಿಯದು ಯಾರಿಗೆ, ಗುಲಾಬಿ ಯಾರಿಗೆ, ಅರ್ಧ ಮುರಿದದ್ದು ಯಾರಿಗೆ.
ಬಿಸಿಲು ಕಾಯಲು ಅವಳಿಗೆಲ್ಲಿ ಪುರುಸೊತ್ತು?
ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ
ಕಿಟಕಿಯಿಂದ ಮುಂಗೈಗೆ ಬಿದ್ದಷ್ಟು, ಅಷ್ಟೇ.

ಅಲ್ಟೇಯಾ. ನೀಲಿ ಹೆಂಚಿನ ಗುಮ್ಮಟ.
ಹಳಿ ತಿರುಗುವಲ್ಲಿ ನಮ್ಮ ನಿಂಬೆ ತೋಟ ಇತ್ತು.
ಅಮ್ಮ ಮಾರಿದಳು; ಸಹಿ ಹಾಕಿಸಿದವನು ನಾನೇ.
ಈಗ ಅದೊಂದು ಈಜುಕೊಳ, ಮೂತ್ರಪಿಂಡದ ಆಕಾರ.
ಬೈಯೋಣ ಅಂದರೆ
ಆ ದುಡ್ಡಿನಲ್ಲೇ ಮಗಳು ದಂತವೈದ್ಯೆಯಾದಳು,
ಆ ಕೊಳದಲ್ಲಿ ತೇಲುವವರಿಗೇ ಈಗ ಹಲ್ಲು ಕಟ್ಟುತ್ತಾಳೆ.

ಮಾಸ್ಕರಾತ್ ಕಮರಿ. ಸುರಂಗ.
ದೀಪ ಆರಿದ ಹಾಗೆ ಕಡಲು ಆರುತ್ತದೆ.
ಗಾಜಿನ ತುಂಬ ನಮ್ಮದೇ ಮುಖಗಳು,
ಯಾರೂ ಮಾತಾಡುವುದಿಲ್ಲ.
ಲೀಡ್ಸಿನಲ್ಲಿ ಬಸ್ಸು ಓಡಿಸುತ್ತಿದ್ದ ವಿಲ್ಫ್ರೆಡ್ ಮಾತ್ರ
ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಾನೆ.

ಆಚೆ ಬಂದರೆ ಇಫಾಕ್ ಬಂಡೆ,
ನೀರು ಕುಡಿಯಲು ಬಂದು, ಯಾಕೆ ಬಂದೆನೆಂದೇ ಮರೆತು
ಅಲ್ಲೇ ನಿಂತುಬಿಟ್ಟ ಎತ್ತು.

ಅಪ್ಪ ಬಲೆ ಹೆಣೆಯುತ್ತ ಹೇಳುತ್ತಿದ್ದ:
ನಮ್ಮ ಕಡಲಿಗೆ ಉಬ್ಬರ ಇಳಿತ ಇಲ್ಲ ಕಣೋ ಬತಿಸ್ತೆ,
ಇದ್ದರೂ ಗೇಣುದ್ದ.
ಅದಕ್ಕೇ ಬಂದರೋ ಏನೋ ಇವರು
ಅಷ್ಟು ದೂರದಿಂದ, ಪೆಟ್ಟಿಗೆ ಎಳೆದುಕೊಂಡು,
ಇಳಿವಯಸ್ಸಿಗೆ
ಇಳಿಯದ ಒಂದು ಕಡಲು ಹುಡುಕಿ.

ಕಾಲ್ಪೆ. ಇಳಿಯುವವರು ಮುಂದೆ ಬನ್ನಿ, ಎಂದೆ.
ಝೊಯ್ಲಾ ಇಲ್ಲಿ ಇಳಿಯಬೇಕು.
ಅಜ್ಜಿಯ ತಲೆ ಅವಳ ಹೆಗಲ ಮೇಲೆ,
ಬಾಯಿ ತುಸು ತೆರೆದ ನಿದ್ದೆ.
ಪರಿಚಯ ಇಲ್ಲ, ಸಂಬಳ ಇಲ್ಲ,
ಅವಳ ಮೂರು ಮನೆಗಳಲ್ಲಿ ಇದು ಒಂದಲ್ಲ.
ಬೆರಳು ತುಟಿಗಿಟ್ಟು ನನ್ನನ್ನೇ ಸುಮ್ಮನಿರಿಸಿದಳು.
ಇನ್ನೊಂದು ಕೈಯಲ್ಲಿ ಫೋನು, ಪಿಸುದನಿ:
"ತಡವಾಗುತ್ತೆ. ಗುಲಾಬಿಯದು ಈಗಲೇ ಬೇಡ, ನಾನು ಬರ್ತೀನಿ."

ನಿಲ್ದಾಣ ಮೀರಿದರೆ ದಂಡ, ನಿಯಮ ಹಾಗಿದೆ.
ನಾನು ಬಾದಾಮಿ ಹೂ ನೋಡುತ್ತ ನಿಂತೆ,
ಮೂವತ್ತೊಂದು ವರ್ಷದಲ್ಲಿ ಅದನ್ನು ಕಂಡೇ ಇಲ್ಲವೆಂಬಂತೆ.
ಬೆನಿಸ್ಸಾ ಹೋಯಿತು. ತೆವುಲಾದಾ ಹೋಯಿತು.

ಡೇನಿಯಾ. ಮುಂದೆ ಹಳಿಯೇ ಇಲ್ಲ.
ಎಚ್ಚರವಾದ ಅಜ್ಜಿ ಕಡಲು ನೋಡಿದಳು,
ಹೆಗಲು ತಿಕ್ಕಿಕೊಳ್ಳುವ ಝೊಯ್ಲಾಳನ್ನು ನೋಡಿದಳು,
ಕೊನೆಗೆ ನನ್ನ ಟೋಪಿಯ ಕೆಳಗಿನ ನರೆಗೂದಲನ್ನು.
"ಅರವತ್ತನಾಲ್ಕು?"
"ಹೌದು. ಅಕ್ಟೋಬರಿನವರೆಗೆ."

ನಕ್ಕಳು. ಎದುರಿನ ಖಾಲಿ ಸೀಟು ತಟ್ಟಿದಳು.
ಎಂದೂ ಇಲ್ಲದ್ದು, ಕೂತೆ. ಸೀಟು ಬೆಚ್ಚಗಿತ್ತು.
ಹದಿನೈದು ನಿಮಿಷಕ್ಕೆ ರೈಲು ವಾಪಸು ಹೊರಡಬೇಕು,
ಆಗ ಕಡಲು ಎಡಕ್ಕೆ.