ಚೊಂಬಿಟ್ಟ ರಾತ್ರಿ

ಬೆಳಗಿನ ಆರಕ್ಕೆ ಕೆಂಪು ದೀಪ ಹತ್ತುತ್ತದೆ.
ನೀರು ಮಾತ್ರ
ಬೋರ್‌ವೆಲ್ಲಿನಿಂದ ಎದ್ದು ಬಂದ ಹಾಗೇ ಬರುತ್ತದೆ.
ಅತ್ತೆ ಹೋಗಿ ಅಂಗೈಯಿಂದ ಎರಡು ತಟ್ಟಿದರೆ
ಒಳಗೆ ಏನೋ ಗುರ್ ಅಂದು ಕಾಯತೊಡಗುತ್ತದೆ.
ನಾನು ತಟ್ಟಿದರೆ ಇಲ್ಲ.
"ಅದಕ್ಕೂ ಗೊತ್ತೈತಿ, ಮನ್ಯಾಗ ಯಾರು ಹಿರೇರು ಅಂತ,"
ಅತ್ತೆ ಟವೆಲ್ ಕೊಡವುತ್ತಾರೆ.

ಮದುವೆಯಾದ ವರ್ಷ ಕಂತಿನಲ್ಲಿ ತಂದ ಗೀಸರು.
ಮಂಡಿಪೇಟೆಯಿಂದ ನಿಟ್ಟುವಳ್ಳಿಗೆ, ಆಟೋದಲ್ಲಿ,
ಹಾಲೇಶ ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು.
ಹನ್ನೊಂದು ವರ್ಷ.
ಮೂರು ಎಲಿಮೆಂಟು, ಎರಡು ಥರ್ಮೋಸ್ಟಾಟು, ಒಂದು ವಾಲ್ವು.
ಅಂದು ತಂದದ್ದು ಅಂತ ಇನ್ನು ಉಳಿದಿರುವುದು
ಒಳಗಿನ ಟ್ಯಾಂಕು, ಹೊರಗಿನ ಬಿಳಿ ಡಬ್ಬಿ,
ಅದರ ಮೇಲೆ ಅರ್ಧ ಅಳಿಸಿದ ಕಂಪನಿಯ ಹೆಸರು.

ಬಟ್ಟೆ ಅಂಗಡಿಯಲ್ಲಿ ದಿನವಿಡೀ
ಇನ್ನೊಬ್ಬರ ಜಮಾಖರ್ಚು ಬರೆಯುವವಳು ನಾನು.
ಕ್ಯಾಲೆಂಡರಿನ ಹಿಂದೆ ಬರೆದೆ:
ರಿಪೇರಿ, ಸಾವಿರದ ನಾನೂರೈವತ್ತು.
ಹೊಸದು, ಎಂಟು ಸಾವಿರದ ಒಂಬೈನೂರು,
ಹಳೆಯದು ಕೊಟ್ಟರೆ ಆರುನೂರು ಕಡಿತ.
ಎರಡು ಸಲ ಕೂಡಿದೆ, ಕಳೆದೆ.
ಲೆಕ್ಕ ಸರಿ ಬಂತು, ಉತ್ತರ ಬರಲಿಲ್ಲ.
ತಣ್ಣೀರಿಗೆ ಹಲ್ಲು ಕಟಕಟ ಕಡಿಯುತ್ತ
ಶಾಲೆಗೆ ಹೋದ ಸಿಂಚನಳನ್ನು
ಯಾವ ಕಾಲಮ್ಮಿಗೆ ಹಾಕುವುದು?

ಭಾನುವಾರ ದಾದಾಪೀರ್ ಬಂದ.
ಅವನು ಬಂದಾಗಲೆಲ್ಲ ಅದು ಸೊಗಸಾಗಿ ಕಾಯುತ್ತದೆ,
ನಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ.
ಸ್ಟೂಲು ಹತ್ತಿ, ಬೋಲ್ಟು ಬಿಚ್ಚಿ
ಎಲಿಮೆಂಟನ್ನು ಎಳೆದ: ಬಳಪದ ಕೊಂಬು.
ಬಕೆಟ್ಟಿಗೆ ದಡದಡ ಬಿದ್ದದ್ದು ಸುಣ್ಣ,
ಚೂರು ಚೂರು, ಮೊಟ್ಟೆಯ ಚಿಪ್ಪಿನಂತೆ.
"ಏಳ್ನೂರು ಅಡಿ ಕೆಳಗಿನ ನೀರು ನೋಡ್ರಿ ಅಕ್ಕಾ.
ಕಲ್ಲು ಕರಗಿ ಬಂದಿರ್ತೈತಿ.
ಬಿಸಿ ತಾಗಿದ್ ಕೂಡ್ಲೆ ಮತ್ತೆ ಕಲ್ಲಾಗೋ ಆಸೆ ಅದಕ್ಕ."

ಒಂದು ಚೂರು ಅಂಗೈಯಲ್ಲಿಟ್ಟು ನೋಡಿದೆ. ಪದರ ಪದರ.
ಯಾವುದು ನನ್ನ ಬಾಣಂತನದ ಎಣ್ಣೆನೀರು,
ಯಾವುದು ಮಾವನಿಗೆ ಕೊನೆಯ ಸಲ ಎರೆದದ್ದು,
ಬೆಳಕಿಗೆ ಹಿಡಿದರೂ ಒಂದೇ ಬಿಳಿ.

"ನೀನೇ ಹೇಳಪ್ಪಾ," ಅಂದೆ.
ಸ್ಟೂಲಿನ ಮೇಲಿಂದಲೇ ನಕ್ಕ:
"ಹೊಸದು ತಗೊಳ್ರಿ ಅಂದ್ರೆ ನನ್ನ ಕೂಲಿ ಹೋಗ್ತೈತಿ.
ರಿಪೇರಿ ಮಾಡಿಸ್ರಿ ಅಂದ್ರೆ ನನ್ನ ಮಾತು ಹೋಗ್ತೈತಿ.
ಟ್ಯಾಂಕು ಸೋರಿದ್ರೆ ಮಾತ್ರ ಬಿಟ್ಟುಬಿಡ್ರಿ, ಅದಕ್ಕೆ ಮದ್ದಿಲ್ಲ."
ತಳದಿಂದ ತುಕ್ಕಿನ ಗೆರೆಯೊಂದು ಗೋಡೆಗಿಳಿದಿತ್ತು.
ಹಳೆಯದೋ ಹೊಸದೋ ಅವನಿಗೂ ತಿಳಿಯಲಿಲ್ಲ.
ಹಳೇ ಎಲಿಮೆಂಟನ್ನೇ ಸಿಕ್ಕಿಸಿ, ನೀರು ತುಂಬಿಸಿ ಹೊರಟ:
"ರಾತ್ರಿ ಕೆಳಗೊಂದು ಚೊಂಬಿಡ್ರಿ."

ಇಟ್ಟೆ.
ಟಪ್ ಅಂದದ್ದು ಚೊಂಬೋ, ಪಕ್ಕದ ಮನೆಯ ನಲ್ಲಿಯೋ
ಕಿವಿಗೊಟ್ಟು ಮಲಗಿದೆ.
ಹಾಲೇಶ ಗೋಡೆ ಕಡೆ ತಿರುಗಿದವನು ಹೇಳಿದ:
"ಹೊಸದಕ್ಕೆ ಐದು ವರ್ಷ ಗ್ಯಾರಂಟಿ ಕೊಡ್ತಾರಂತೆ."
ಐದು ವರ್ಷದ ಗ್ಯಾರಂಟಿ ಇರುವಂಥದ್ದು
ಈ ಮನೆಯಲ್ಲಿ ಬೇರೇನೂ ಇಲ್ಲ ಅನ್ನಿಸಿ
ಸುಮ್ಮನಿದ್ದೆ.

ಬೆಳಗ್ಗೆ ಚೊಂಬಿನಲ್ಲಿ ಒಂದು ಬೆರಳು ನೀರು.
ಅದರ ಮೇಲೆಯೇ, ಪೈಪಿಗೆ,
ಯಾರೋ ನೇತುಹಾಕಿದ ಒದ್ದೆ ಟವೆಲ್.
ನಾನಲ್ಲ ಅಂದ ಹಾಲೇಶ. ನಾನ್ಯಾಕೆ ಹಾಕ್ಲಿ, ಅತ್ತೆ.
ಸಿಂಚನ ಇನ್ನೂ ನಿದ್ದೆಯಲ್ಲಿದ್ದಳು, ಅಥವಾ ಹಾಗೆ ಕಂಡಳು.
ಯಾರೂ ಇಲ್ಲದಾಗ
ಬೆರಳದ್ದಿ ನಾಲಿಗೆಗಿಟ್ಟೆ.
ಸೋಪಿನ ವಾಸನೆಯಿಲ್ಲ. ಹಳೇ ಮೊಳೆಯ ರುಚಿ.

"ಸೋರೈತೇನ್ರಿ ಅಕ್ಕಾ?" ಫೋನಿನಲ್ಲಿ ದಾದಾಪೀರ್.
"ಟವೆಲ್ ಸೋರೈತಿ," ಅಂದೆ.
"ಎಲಿಮೆಂಟ್ ತಗೊಂಡು ಬಾ."
ಆ ಕಡೆ ಒಂದು ಲಾರಿ ಹಾದುಹೋಗುವಷ್ಟು ಹೊತ್ತು ಮೌನ.
"ಆಗ್ಲಿ ಅಕ್ಕಾ," ಅಂದ, ಮೆತ್ತಗೆ.

ಚೊಂಬಿನ ನೀರು ಕರಿಬೇವಿನ ಕುಂಡಕ್ಕೆ ಸುರಿದೆ.
ಕ್ಯಾಲೆಂಡರಿನ ಹಿಂದೆ ಬರೆದೆ: ಗೀಸರ್, ೧೪೫೦.
ಕೆಳಗೆ ಒಂದು ಸಾಲು ಖಾಲಿ ಬಿಟ್ಟು
ಗೆರೆ ಎಳೆದೆ.